ಪಾಂತೆಲಿ ಇನ್ನೂ ನೋಡುತ್ತಿದ್ದಾನೆ

ಗವ್ರಿಲನ ಮನೆಯಲ್ಲಿ ಎರಡನೆಯ ಕುರ್ಚಿ ಇರಲಿಲ್ಲ. ಬೇಕಾಗಿರಲೂ ಇಲ್ಲ. ಮೂವತ್ತೆಂಟು ವರ್ಷ ಅವನು ನಮ್ಮೂರ ರೈಲ್ವೆ ಗೇಟನ್ನು ಹಾಕುತ್ತ ತೆಗೆಯುತ್ತ ಇದ್ದ. ದಿನಕ್ಕೆ ನಾಲ್ಕು ರೈಲು, ಅವುಗಳಲ್ಲಿ ಒಂದೂ ನಮ್ಮೂರಲ್ಲಿ ನಿಲ್ಲುತ್ತಿರಲಿಲ್ಲ. ನಿವೃತ್ತನಾದ ಮೇಲೂ ಬೀದಿ ದಾಟುವ ಮುಂಚೆ ಎರಡೂ ಕಡೆ ನೋಡಿ, ಹಿಂದೆ ಬರುವವರಿಗೆ ಕೈ ಅಡ್ಡ ಹಿಡಿಯುತ್ತಿದ್ದ.

ಅವನು ಮದುವೆಯಾಗಿರಲಿಲ್ಲ. ಕಾರಣ ಎದುರು ಮನೆಯಲ್ಲಿತ್ತು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವನು ಸ್ಮಾರಂದಳನ್ನು ಕೇಳುವುದೆಂದು ತೀರ್ಮಾನಿಸಿ, ಶರ್ಟಿಗೆ ಇಸ್ತ್ರಿ ಹಾಕಿ, ಸರಿಯಾದ ಹೊತ್ತಿಗಾಗಿ ಕಾಯುತ್ತ ಕೂತ. ಹೊತ್ತಿನ ವಿಷಯದಲ್ಲಿ ರೈಲ್ವೆಯವರು ಕಟ್ಟುನಿಟ್ಟು. ಅಷ್ಟರಲ್ಲಿ ಟ್ರ್ಯಾಕ್ಟರ್ ಓಡಿಸುವ ಪಾಂತೆಲಿ ಶರ್ಟಿನ ಗುಂಡಿಯನ್ನೂ ಹಾಕದೆ ಹೋಗಿ ಕೇಳಿ, ಹೂಂ ಅನ್ನಿಸಿಕೊಂಡು ಬಂದ. ಮದುವೆಯ ದಿನ ಗವ್ರಿಲ ಗೇಟಿನಲ್ಲಿ ಕೆಲಸದ ಮೇಲಿದ್ದ. ಚರ್ಚಿಗೆ ಹೊರಟ ಮೆರವಣಿಗೆಯನ್ನು ಹನ್ನೊಂದು ನಿಮಿಷ ನಿಲ್ಲಿಸಿದ. ಗೂಡ್ಸ್ ಗಾಡಿ ತಡ ಅಂದ. ಅವತ್ತು ಯಾವ ಗೂಡ್ಸ್ ಗಾಡಿಯೂ ಇರಲಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಆ ಮದುವೆಗೆ ಅವನು ತೋರಿದ ವಿರೋಧ ಅಷ್ಟೆ.

ಹೋದ ವರ್ಷ ಅಕ್ಟೋಬರಿನಲ್ಲಿ ಪಾಂತೆಲಿ ಸತ್ತ. ಹಳೆಯ ಡಬ್ಬಾ ಟಿವಿಯ ಮುಂದೆ ಫುಟ್‌ಬಾಲ್ ನೋಡುತ್ತ ಕೂತಿದ್ದವನು ಬೈಯುವುದನ್ನು ನಿಲ್ಲಿಸಿದ. ಆಗಲೇ ಸ್ಮಾರಂದಳಿಗೆ ಅನುಮಾನ ಬಂದದ್ದು. ಆಟ ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿತ್ತು.

"ಯಾರು ಗೆದ್ರು ಅಂತ ಗೊತ್ತಿಲ್ದೇ ಹೋದನಲ್ಲ," ಎಂದು ಅವಳು ಅಂತ್ಯಸಂಸ್ಕಾರದಲ್ಲಿ ಅತ್ತಳು. ಉಳಿದ ವಿಷಯಗಳಿಗೆ ಅವಳು ಅಷ್ಟು ಅಳಲಿಲ್ಲ.

ನಮ್ಮ ರುಮೇನಿಯಾದಲ್ಲಿ ಸತ್ತವರ ಹೆಸರಿನಲ್ಲಿ ಕೊಡುವುದಕ್ಕೆ ಪೊಮಾನ ಅನ್ನುತ್ತಾರೆ. ಮೇಣದಬತ್ತಿ ಹಚ್ಚಿ, ಹೆಸರು ಹೇಳಿ ಇಲ್ಲಿ ಒಬ್ಬರ ಕೈಗೆ ಕೊಟ್ಟರೆ, ಅಲ್ಲಿ ಸತ್ತವರ ಕೈಗೆ ಸೇರುತ್ತದೆ. ತೆಗೆದುಕೊಂಡವನು "ಬೊಗ್ದಪ್ರೊಸ್ತೆ" ಅನ್ನಬೇಕು. ಸತ್ತವನನ್ನು ದೇವರು ಕ್ಷಮಿಸಲಿ ಎಂದು ಅರ್ಥ. ತಲುಪಿತು ಅನ್ನುವುದಕ್ಕೆ ಅದೇ ರಸೀದಿ. ಆರನೆಯ ವಾರದಲ್ಲಿ ಪಾಂತೆಲಿಗೆ ಹಾಸಿಗೆ, ತಟ್ಟೆ, ಕೋಟು ಹೋಗಿದ್ದವು. ಅವನ ಬೂಟು ಗಿರಣಿಯ ಕೊಸ್ಮನಿಗೆ ಸರಿಹೊಂದಿದ್ದರಿಂದ ಕೊಸ್ಮ ಅದನ್ನು ಹಾಕಿಕೊಂಡು ಓಡಾಡುತ್ತಿದ್ದ. ಅಂದರೆ ಅಲ್ಲಿ ಪಾಂತೆಲಿಯೂ ಓಡಾಡುತ್ತಿದ್ದ. ವರ್ಷದ ಪೂಜೆಗೆ ಟಿವಿ ಕೊಡುವುದೆಂದು ಸ್ಮಾರಂದ ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಯಾರಿಗೆ ಕೊಡುವುದು ಅನ್ನುವುದಷ್ಟೇ ಪ್ರಶ್ನೆಯಾಗಿತ್ತು.

"ಗವ್ರಿಲಂಗೆ ಕೊಡು," ಅಂದಳು ವೇತಜ್ಜಿ. ಮೂವರು ಗಂಡಂದಿರನ್ನು ಮಣ್ಣು ಮಾಡಿದವಳಾದ್ದರಿಂದ ಸತ್ತವರ ವಿಷಯದಲ್ಲಿ ಅವಳ ಮಾತೇ ಕೊನೆ. "ಊರಲ್ಲಿ ಟಿವಿ ಇಲ್ದೋನು ಅವನೊಬ್ನೇ. ಇದ್ದೋರಿಗೆ ಕೊಟ್ರೆ ಅಟ್ಟಕ್ಕೆ ಹಾಕ್ತಾರೆ. ಅಲ್ಲಿ ಪಾಂತೆಲೀನೂ ಅಟ್ಟದಲ್ಲಿ ಕೂರ್ಬೇಕಾಗತ್ತೆ."

ಸುದ್ದಿ ಕೇಳಿ ಗವ್ರಿಲ ಒಂದೇ ದಿನ ಎರಡು ಸಲ ಸ್ನಾನ ಮಾಡಿದ.

ವರ್ಷದ ದಿನ ಸ್ಮಾರಂದಳ ಅಂಗಳದಲ್ಲಿ ಊರು ಸೇರಿತು. ಪೇಟೆಯಿಂದ ತಂದ ಮೂವತ್ತೆರಡು ಇಂಚಿನ ಸ್ಮಾರ್ಟ್ ಟಿವಿ, ಅಂಗಡಿಯಲ್ಲೇ ಅತ್ಯಂತ ಅಗ್ಗದ್ದು. ಅದರ ಕಂಪನಿಯ ಹೆಸರನ್ನು ಯಾರೂ ಕೇಳಿರಲಿಲ್ಲ, ಓದಲೂ ಆಗಲಿಲ್ಲ. ಪೆಟ್ಟಿಗೆಗೆ ಕಸೂತಿಯ ಟವೆಲ್ ಸುತ್ತಿ, ಮೇಲೆ ಮೇಣದಬತ್ತಿ ಅಂಟಿಸಿದ್ದರು. ಪಾದ್ರಿ ಸೆರಾಫಿಮ್ ಧೂಪ ಹಾಕಿದರು. ಸ್ಮಾರಂದ ಪೆಟ್ಟಿಗೆ ಎತ್ತಿ ಕೊಡಬೇಕು, ಗವ್ರಿಲ ಕೈ ಚಾಚಬೇಕು, ಆಗ ವೇತಜ್ಜಿ ಕೋಲೆತ್ತಿದಳು.

"ನಿಲ್ರೇ! ಪೆಟ್ಟಿಗೇಲಿ ಕೊಟ್ರೆ ಅವನಿಗೆ ಅಲ್ಲಿ ಪೆಟ್ಟಿಗೇನೇ ಸಿಗೋದು. ಬಿಚ್ಚೋರು ಯಾರು?"

ಜನ ಯೋಚನೆಗೆ ಬಿದ್ದರು. ಪಾಂತೆಲಿ ಬದುಕಿದ್ದಾಗ ಟ್ರ್ಯಾಕ್ಟರ್ ಬಿಚ್ಚುತ್ತಿದ್ದ, ಆದರೆ ಅವನ ಸಾಮಾನೆಲ್ಲ ಇಲ್ಲೇ ಉಳಿದಿತ್ತು.

"ಸ್ಕ್ರೂಡ್ರೈವರ್ ಒಂದು ಜೊತೇಲಿ ಕೊಟ್ಬಿಡಿ," ಅಂದ ಕೊಸ್ಮ.

"ಅದಕ್ಕೂ ಬೇರೆ ಮೇಣದಬತ್ತಿ ಬೇಕು," ಅಂದಳು ವೇತಜ್ಜಿ.

"ಕರೆಂಟಿನ ಕಥೆ ಏನು ಪಾದ್ರಿಗಳೇ?" ಯಾರೋ ಕೇಳಿದರು. "ಅಲ್ಲಿ ಇದ್ಯಾ?"

ಪಾದ್ರಿ ಧೂಪದ ಬಟ್ಟಲನ್ನು ಆಡಿಸುವುದನ್ನು ನಿಲ್ಲಿಸಿ ಗಡ್ಡ ನೀವಿಕೊಂಡರು. "ಅಲ್ಲಿ ನಿತ್ಯ ಬೆಳಕಿದೆ ಅಂತ ಪುಸ್ತಕದಲ್ಲಿದೆ. ಬೆಳಕಿದ್ರೆ ಕರೆಂಟಿರತ್ತೆ. ಮುಂದೆ ನಡೀರಿ, ನಂಗೆ ಇನ್ನೊಂದು ಕಡೆ ನಾಮಕರಣ ಇದೆ."

ಕೊನೆಗೆ ಟಿವಿ ಓಡುತ್ತಿರುವಾಗಲೇ ಕೊಡುವುದೆಂದು ತೀರ್ಮಾನವಾಗಿ, ಟಿವಿ ಸಮೇತ ಊರು ಗವ್ರಿಲನ ಮನೆಗೆ ಹೊರಟಿತು. ಬೀದಿ ದಾಟುವಾಗ ಗವ್ರಿಲ ಎರಡೂ ಕಡೆ ನೋಡಿ ಎಲ್ಲರನ್ನೂ ತಡೆದ.

ಪೆಟ್ಟಿಗೆ ಬಿಚ್ಚಿದಾಗ ಮೊದಲು ಬಂದದ್ದು ಥರ್ಮಕೋಲು. ಅದರ ಪುಡಿ ಪಾದ್ರಿಗಳ ಕರಿ ನಿಲುವಂಗಿಗೆ ಅಂಟಿ, ಅವರು ಹಿಮ ಬೀಳುವಾಗ ಹೊರಗೆ ನಿಂತವರ ಹಾಗೆ ಕಂಡರು. ಆಮೇಲೆ ಎರಡು ಕಾಲು ಸಿಕ್ಕವು, ನೋಡುವುದಕ್ಕೆ ಒಂದೇ ಥರ. ಚಿತ್ರದಲ್ಲಿ ಎಡ ಬಲ ಬೇರೆ ಎಂದು ತೋರಿಸಿತ್ತು. ಗವ್ರಿಲ ಅವನ್ನು ಅದಲು ಬದಲು ಹಾಕಿದ. ಟಿವಿಯನ್ನು ನಿಲ್ಲಿಸಿ ಕೈ ಬಿಟ್ಟ ಕೂಡಲೇ ಅದು ಸಭೆಗೆ ನಮಸ್ಕಾರ ಮಾಡುವಂತೆ ನಿಧಾನವಾಗಿ ಮುಂದಕ್ಕೆ ಬಾಗಿತು. ಸ್ಮಾರಂದ ಓಡಿ ಬಂದು ಎದೆಗೊತ್ತಿ ಹಿಡಿದಳು. ಗವ್ರಿಲ ಆ ಟಿವಿಯನ್ನು ಬಹಳ ಹೊತ್ತು ನೋಡಿದ.

ಮುಂದಿನದನ್ನು ಅಂಚೆಯ ವಿಯೊರಿಕ ವಹಿಸಿಕೊಂಡಳು. ಸರ್ಕಾರಿ ಕಂಪ್ಯೂಟರನ್ನು ದಿನವೂ ಬೈಯುವವಳಾದ್ದರಿಂದ ಅವಳಿಗೆ ಯಂತ್ರಗಳ ಭಯವಿರಲಿಲ್ಲ. ಇಂಟರ್ನೆಟ್ಟು ಎದುರು ಸ್ಮಾರಂದಳ ಮನೆಯಿಂದ ಬೀದಿ ದಾಟಿ ಬರಬೇಕಿತ್ತು. ಅದು ಬಂತು. ಟಿವಿ ಬಿಟ್ಟರೆ, ಇಷ್ಟು ವರ್ಷದಲ್ಲಿ ಆ ಮನೆಯಿಂದ ಈ ಮನೆಗೆ ಬಂದ ಮೊದಲ ವಸ್ತು ಅದು.

ಟಿವಿ ಮೊದಲು ಪೋಲಿಷ್ ಭಾಷೆಯಲ್ಲಿ ಮಾತಾಡಿತು.

"ಅಯ್ಯೋ, ಪಾಂತೆಲಿಗೆ ನಮ್ಮ ಭಾಷೇನೇ ಸರಿಯಾಗಿ ಓದಕ್ಕೆ ಬರಲ್ಲ!" ಎಂದಳು ಸ್ಮಾರಂದ.

ಅದನ್ನು ರುಮೇನಿಯನ್ ಭಾಷೆಗೆ ತಂದದ್ದಾಯಿತು. ಆಗ ಟಿವಿ ನಲವತ್ತೆರಡು ಪುಟದ ಷರತ್ತು ತೋರಿಸಿ, ಒಪ್ಪುತ್ತೀರಾ ಎಂದು ಕೇಳಿತು.

"ಯಾರು ಒಪ್ಪಬೇಕು?" ಗವ್ರಿಲ ಕೇಳಿದ.

"ಯಾರ ಟಿವಿಯೋ ಅವರು," ಅಂದಳು ವಿಯೊರಿಕ.

ಎಲ್ಲರೂ ಪಾದ್ರಿಯ ಕಡೆ ತಿರುಗಿದರು.

"ಪಾಂತೆಲಿ ಬದುಕಿದ್ದಾಗಲೇ ಯಾವುದಕ್ಕೂ ಒಪ್ಪಿದೋನಲ್ಲ," ಅಂದರು ಪಾದ್ರಿ. "ಆದ್ರೆ ಸತ್ತ ಮೇಲೆ ಮನುಷ್ಯ ಮೆತ್ತಗಾಗ್ತಾನೆ. ಒತ್ತಮ್ಮ."

ವಿಯೊರಿಕ ಒತ್ತಿದಳು. ಬಳಕೆದಾರರ ಹೆಸರೇನು ಎಂದು ಟಿವಿ ಕೇಳಿತು. ಗವ್ರಿಲ ಗಂಟಲು ಸರಿಮಾಡಿಕೊಂಡು ತನ್ನ ಹೆಸರಿನ ಮೊದಲ ಅಕ್ಷರಕ್ಕೆ ಬಾಯಿ ತೆರೆದ. ಸ್ಮಾರಂದ ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿಕೊಂಡ.

"ಪಾಂತೆಲಿ ಅಂತ ಹಾಕು," ಅಂದಳು ಅವಳು.

ಪರದೆ ಒಂದು ಸಲ ಕಪ್ಪಾಗಿ ಬೆಳಗಿತು. ದೊಡ್ಡ ಅಕ್ಷರದಲ್ಲಿ ಬಂತು: ಸ್ವಾಗತ, ಪಾಂತೆಲಿ.

ಹೆಂಗಸರೆಲ್ಲ ಶಿಲುಬೆಯ ಗುರುತು ಹಾಕಿಕೊಂಡರು. ಸ್ಮಾರಂದ ಮೇಣದಬತ್ತಿ ಹಚ್ಚಿ ರಿಮೋಟನ್ನು ಗವ್ರಿಲನ ಕೈಗಿಟ್ಟಳು.

"ಬೊಗ್ದಪ್ರೊಸ್ತೆ," ಅಂದ ಗವ್ರಿಲ.

"ತಲುಪ್ತು," ಅಂದಳು ವೇತಜ್ಜಿ.

ಮರುದಿನ ಸಂಜೆ ಆರಕ್ಕೆ ಸ್ಮಾರಂದ ಒಂದು ಬಟ್ಟಲು ಹುರುಳಿಕಾಯಿ ಬೀಜದ ಸಾರು ಹಿಡಿದು ಗವ್ರಿಲನ ಬಾಗಿಲು ತಟ್ಟಿದಳು. ಪೊಮಾನದ ವಸ್ತುವನ್ನು ಬಳಸದೆ ಇಟ್ಟರೆ ಸತ್ತವನಿಗೂ ಬಳಸಲಾಗುವುದಿಲ್ಲ. ಅದನ್ನು ಪರೀಕ್ಷಿಸುವುದು ವಿಧವೆಯ ಹಕ್ಕು. ಗವ್ರಿಲ ಅವಳಿಗೆ ಇದ್ದೊಂದು ಕುರ್ಚಿ ಕೊಟ್ಟು, ತಾನು ಪ್ಲಮ್ ಹಣ್ಣಿನ ಖಾಲಿ ಪೆಟ್ಟಿಗೆ ಬೋರಲು ಹಾಕಿ ಕೂತ.

"ಏಳು," ಅಂದಳು ಸ್ಮಾರಂದ. "ಅವನು ಪೆಟ್ಟಿಗೆ ಮೇಲೆ ಕೂರೋದಾ? ಸೊಂಟ ನೋವಿತ್ತು ಅವನಿಗೆ."

ಹೀಗೆ ಅವಳು ಪೆಟ್ಟಿಗೆಯ ಮೇಲೂ ಗವ್ರಿಲ ಕುರ್ಚಿಯ ಮೇಲೂ ಕೂತರು.

"ಕಾಲ್ ಮೇಲೆ ಕಾಲ್ ಹಾಕ್ಬೇಡ. ಅವನು ಹಾಕ್ತಿರ್ಲಿಲ್ಲ."

ಗವ್ರಿಲ ಕಾಲಿಳಿಸಿದ.

"ತಿನ್ನು. ಹಸಿದಿರ್ತಾನೆ."

ಸಾರಿನಲ್ಲಿ ಪಾಂತೆಲಿಗೆ ಇಷ್ಟವಾದಷ್ಟು ಖಾರವಿತ್ತು. ಗವ್ರಿಲನಿಗೆ ಹೊಟ್ಟೆಹುಣ್ಣು. ಅವನು ಬಟ್ಟಲು ಖಾಲಿ ಮಾಡಿ, ಕಣ್ಣೊರೆಸಿಕೊಂಡು, ಇನ್ನೂ ಇದೆಯಾ ಎಂದು ಕೇಳಿದ. ಇತ್ತು.

ಫುಟ್‌ಬಾಲಿನ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಮೊದಲ ಸಂಜೆ ಎದುರಾಳಿಗಳು ಗೋಲು ಹೊಡೆದಾಗ ಚೆನ್ನಾಗಿ ಹೊಡೆದರು ಎಂದು ಚಪ್ಪಾಳೆ ತಟ್ಟಿದ.

"ಬೈ!" ಅಂದಳು ಸ್ಮಾರಂದ.

"ಯಾರನ್ನ?"

"ಗೋಲ್ ಕಾಯೋ ಗೋಲಿಯನ್ನ. ಆಮೇಲೆ ರೆಫ್ರಿಯನ್ನ. ಆಮೇಲೆ ಸರ್ಕಾರಾನ. ಅವನು ಆ ಕ್ರಮದಲ್ಲೇ ಬೈತಿದ್ದ."

ಮೂವತ್ತೆಂಟು ವರ್ಷದಲ್ಲಿ ಒಂದು ರೈಲನ್ನೂ ಬೈದವನಲ್ಲ ಗವ್ರಿಲ. "ಗೋಲಿಯವರೇ, ಸ್ವಲ್ಪ ಗಮನ ಕೊಡಿ," ಅಂದ.

"ಥೂ!" ಅಂದಳು ಸ್ಮಾರಂದ.

ಆ ವಾರವೆಲ್ಲ ಹಗಲು ಹೊತ್ತು ಗವ್ರಿಲ ಹಿತ್ತಲಲ್ಲಿ ಕೋಳಿಗಳ ಮುಂದೆ ನಿಂತು ಬೈಗುಳ ಅಭ್ಯಾಸ ಮಾಡಿದ. ಕೋಳಿಗಳು ಮೂರು ದಿನ ಮೊಟ್ಟೆಯಿಡಲಿಲ್ಲ. ಭಾನುವಾರ ಅವನು ರೆಫ್ರಿಯ ತಾಯಿಯ ಬಗ್ಗೆ ಒಂದು ಪೂರ್ತಿ ವಾಕ್ಯ ಹೇಳಿದಾಗ ಸ್ಮಾರಂದ ತಲೆಯಾಡಿಸಿ, "ಹಾಂ, ಈಗ ಸರಿ," ಅಂದಳು. ಅಂಥ ಹೊಗಳಿಕೆ ಅವನಿಗೆ ರೈಲ್ವೆಯಲ್ಲಿ ಸಿಕ್ಕಿರಲಿಲ್ಲ.

ಪಾಂತೆಲಿ ನೋಡದೆ ಹೋದ ಇಪ್ಪತ್ತು ನಿಮಿಷವನ್ನು ವಿಯೊರಿಕ ಟಿವಿಯಲ್ಲೇ ಹುಡುಕಿ ಕೊಟ್ಟಳು. ಅವನ ತಂಡ ಕೊನೆಯ ನಿಮಿಷದಲ್ಲಿ ಸೋತಿತ್ತು. ತೋರಿಸುವುದೋ ಬೇಡವೋ ಎಂದು ಸ್ಮಾರಂದ ಎರಡು ದಿನ ಯೋಚಿಸಿ, ಕೊನೆಗೆ ಹತ್ತೊಂಬತ್ತನೆಯ ನಿಮಿಷಕ್ಕೆ ಸರಿಯಾಗಿ ಗವ್ರಿಲನ ಕಣ್ಣನ್ನು ತನ್ನ ಅಂಗೈಯಿಂದ ಮುಚ್ಚಿದಳು.

"ಸಮ ಆಯ್ತು," ಎಂದು ಅವನ ಕಿವಿಯ ಹತ್ತಿರ ಜೋರಾಗಿ ಹೇಳಿದಳು. "ಕೇಳಿಸ್ತಾ? ಸಮ!"

"ಕೇಳಿಸ್ತು," ಅಂದ ಗವ್ರಿಲ. ಅವಳು ಕೈ ತೆಗೆದ ಮೇಲೂ ಅವನು ಸ್ವಲ್ಪ ಹೊತ್ತು ಕಣ್ಣು ಬಿಡಲಿಲ್ಲ.

ಈ ಟಿವಿಗಳಿಗೆ ಒಂದು ಅಭ್ಯಾಸವಿದೆ. ಬಹಳ ಹೊತ್ತು ಯಾರೂ ಏನನ್ನೂ ಒತ್ತದಿದ್ದರೆ ಆಟವನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತವೆ. ಎರಡನೆಯ ವಾರದಲ್ಲಿ ಒಂದು ಸಂಜೆ ಪರದೆ ಮಂಕಾಗಿ ಅಕ್ಷರಗಳು ಮೂಡಿದವು: ಪಾಂತೆಲಿ, ನೀವು ಇನ್ನೂ ನೋಡುತ್ತಿದ್ದೀರಾ? ಕೆಳಗೆ ಹೌದು ಮತ್ತು ಇಲ್ಲ.

ಸ್ಮಾರಂದ ಎದ್ದು ನಿಂತಳು.

"ಹೌದು ಅನ್ನು!"

ಗವ್ರಿಲ ರಿಮೋಟಿಗಾಗಿ ತಡಕಾಡಿದ. ಅದು ಬಟ್ಟಲಿನ ಕೆಳಗಿತ್ತು.

"ಬೇಗ ಅನ್ನೋ! ಹೋಗ್ಬಿಡ್ತಾನೆ! ಹೌದು ಅನ್ನು!"

ಅವನು ಒತ್ತಿದ. ಆಟ ಮುಂದುವರಿಯಿತು. ಸ್ಮಾರಂದ ಕೂತು, ತಲೆಯ ವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡಳು.

ಅಂದಿನಿಂದ ಅವಳು ಬರುತ್ತಿದ್ದದ್ದು ಆ ಪ್ರಶ್ನೆಗಾಗಿ. ಅದು ಬರುವ ಹೊತ್ತಿಗೆ ತಲೆವಸ್ತ್ರ ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದಳು. ಗವ್ರಿಲ ಹೌದು ಒತ್ತಿದ ಕೂಡಲೇ ಬಟ್ಟಲೆತ್ತಿಕೊಂಡು ಮನೆಗೆ ಹೋಗುತ್ತಿದ್ದಳು. ಅವನು ಆರರಿಂದ ಎಂಟೂವರೆವರೆಗೆ ಬೆರಳನ್ನು ಗುಂಡಿಯಿಂದ ದೂರವಿಟ್ಟು ಕೂರುತ್ತಿದ್ದ. ಅಕಸ್ಮಾತ್ ಏನಾದರೂ ಒತ್ತಿದರೆ ಪ್ರಶ್ನೆ ಮುಂದಕ್ಕೆ ಹೋಗುತ್ತದೆ, ಅವಳು ಇನ್ನಷ್ಟು ಹೊತ್ತು ಇರುತ್ತಾಳೆ ಅನ್ನುವುದು ಅವನಿಗೆ ಹೊಳೆಯಲು ಮೂರು ವಾರ ಬೇಕಾಯಿತು. ಹೊಳೆದ ಮೇಲೆ ಅವನ ಕೈಯಿಂದ ದಿನಕ್ಕೊಂದು ತಪ್ಪಾಗತೊಡಗಿತು.

ಗವ್ರಿಲನ ಟಿವಿ ಸತ್ತವರನ್ನು ಹೆಸರು ಹಿಡಿದು ಮಾತಾಡಿಸುತ್ತದೆ ಎಂಬ ಸುದ್ದಿ ಹಬ್ಬಲು ತಡವಾಗಲಿಲ್ಲ. ವೇತಜ್ಜಿ ಕೋಲೂರಿಕೊಂಡು ಬಂದಳು.

"ನನ್ನ ಕೊನೇ ಗಂಡ ಲಾಝರನ್ನೂ ಹಾಕು. ಹವಾಮಾನ ನೋಡ್ತಿದ್ದ."

"ಸತ್ತು ಹತ್ತೊಂಬತ್ತು ವರ್ಷ ಆಯ್ತಲ್ಲಜ್ಜಿ. ಅಲ್ಲಿ ಹವಾಮಾನ ಯಾಕೆ ಅವನಿಗೆ?"

"ಅವನು ಹೊಲಕ್ಕೆ ಹೋಗ್ತಿರ್ಲಿಲ್ಲ ಕಣೋ ಬದುಕಿದ್ದಾಗ್ಲೂ. ಮಳೆ ಬರತ್ತೆ ಅಂತ ನೋಡಿ ಮಲಗ್ತಿದ್ದ. ಹಾಕು."

ಹಿಂದೆಯೇ ಇನ್ನೂ ಮೂವರು ವಿಧವೆಯರು ಬಂದರು. ಟಿವಿಯಲ್ಲಿ ಐದೇ ಹೆಸರಿಗೆ ಜಾಗ. ಐದೂ ತುಂಬಿದವು. ಗವ್ರಿಲ ವೇಳಾಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದ: ಮಧ್ಯಾಹ್ನ ಮೂರಕ್ಕೆ ಲಾಝರ್, ಮೂರೂವರೆಗೆ ಇನ್ನೊಬ್ಬ, ಹೀಗೆ. ಪ್ರತಿ ಹೆಸರಿಗೂ ಒಂದೊಂದು ಬಟ್ಟಲು ಬರುತ್ತಿತ್ತು. ಎಲೆಕೋಸಿನ ಸುರುಳಿ, ಜೋಳದ ಹಿಟ್ಟಿನ ಮುದ್ದೆ, ಪ್ಲಮ್ ಕಡುಬು. ಸತ್ತವರ ಪರವಾಗಿ ಉಂಡು ಉಂಡು ಅವನ ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಯಿತು.

ಪಂಚಾಯಿತಿ ಕಚೇರಿಯ ಗುಮಾಸ್ತ ಒಂದು ಕಡತ ಹಿಡಿದು ತನಿಖೆಗೆ ಬಂದ.

"ಸಾರ್ವಜನಿಕ ಪ್ರದರ್ಶನ ನಡೆಸ್ತಿದ್ದೀರಂತೆ. ಪ್ರೇಕ್ಷಕರು ಎಷ್ಟು ಜನ?"

"ಐದು."

"ಎಲ್ಲಿದ್ದಾರೆ?"

"ಸ್ಮಶಾನದಲ್ಲಿ."

ಗುಮಾಸ್ತ ಬರೆದುಕೊಂಡ. ಬರೆದದ್ದನ್ನು ಓದಿದ. ಕಡತ ಮುಚ್ಚಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ. "ಗವ್ರಿಲಣ್ಣ, ಇನ್ನೊಂದು ಹೆಸರಿಗೆ ಜಾಗ ಆಗತ್ತಾ? ನಮ್ಮಮ್ಮಂಗೆ ಅಡುಗೆ ಕಾರ್ಯಕ್ರಮ ಅಂದ್ರೆ ಪ್ರಾಣ."

ಜಾಗವಿರಲಿಲ್ಲ.

ಡಿಸೆಂಬರಿನಲ್ಲಿ ಪಿಂಚಣಿ ಕೊಡಲು ಬಂದ ವಿಯೊರಿಕ ಪರದೆಯ ಮೇಲಿನ ಐದು ಹೆಸರನ್ನು ನೋಡಿ ನಕ್ಕಳು. "ಅಲ್ಲ ಗವ್ರಿಲಣ್ಣ, ಟಿವಿ ನಿನ್ನ ಮನೇಲಿ, ಕಣ್ಣು ನಿಂದು, ಹೊಟ್ಟೆ ನಿಂದು. ಇದ್ರಲ್ಲಿ ನಿನ್ನ ಹೆಸರೇ ಇಲ್ವಲ್ಲ!"

ಅವಳು ಮಾತಿಗೆ ಹೇಳಿ ಹೊರಟುಹೋದಳು. ಗವ್ರಿಲ ಕುರ್ಚಿಯ ಮೇಲೆ ಕೂತೇ ಇದ್ದ.

ಮರುದಿನ ಅವನು ಬೆಳಿಗ್ಗೆ ಹತ್ತಕ್ಕೆ ರಿಮೋಟ್ ಹಿಡಿದವನು ಮಧ್ಯಾಹ್ನದವರೆಗೆ ಬಿಡಲಿಲ್ಲ. ಹೊಸ ಹೆಸರು ಸೇರಿಸಬೇಕಾದರೆ ಹಳೆಯದೊಂದನ್ನು ಅಳಿಸಬೇಕು ಎಂದಿತು ಟಿವಿ. ಲಾಝರನನ್ನು ಅಳಿಸಬಹುದಿತ್ತು, ಅವನು ಮಲಗುವವನು. ಆದರೆ ಪಾಂತೆಲಿಯ ಹೆಸರು ಇರುವವರೆಗೆ ಸಂಜೆ ಎಂಟೂವರೆಗೆ ಟಿವಿ ಅವನನ್ನೇ ಕೇಳುತ್ತದೆ. ಒಂದು ಸಂಜೆ ಮಾತ್ರ, ನಾಳೆ ಬೆಳಿಗ್ಗೆ ವಾಪಸು ಹಾಕಿದರಾಯಿತು ಎಂದು ಲೆಕ್ಕ ಹಾಕಿ ಗವ್ರಿಲ ಅಳಿಸು ಎಂಬುದನ್ನು ಒತ್ತಿದ. ಖಚಿತವೇ ಎಂದು ಟಿವಿ ಕೇಳಿತು. ಖಚಿತ ಅಂದ. ಆಮೇಲೆ ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರು ಬರೆದ. ಮೂರಕ್ಕೆ ಬಂದ ವೇತಜ್ಜಿಯನ್ನು ಹೊಟ್ಟೆನೋವು ಎಂದು ಬಾಗಿಲಿಂದಲೇ ಕಳಿಸಿದ.

ಆರಕ್ಕೆ ಸ್ಮಾರಂದ ಬಂದಳು. ಟಿವಿ, ಸ್ವಾಗತ ಗವ್ರಿಲ, ಅಂದಿತು. ಅವಳು ಸಾರನ್ನು ಬಿಸಿ ಮಾಡಲು ಒಲೆಯ ಕಡೆ ತಿರುಗಿದ್ದರಿಂದ ನೋಡಲಿಲ್ಲ. ಆಟ ಶುರುವಾಯಿತು. ಗವ್ರಿಲ ಗೋಲಿಯನ್ನು ಬೈದ, ರೆಫ್ರಿಯನ್ನು ಬೈದ, ಸರ್ಕಾರವನ್ನು ಬೈದ. ಅಂದು ಅವನ ಕೈಯಿಂದ ಒಂದು ತಪ್ಪೂ ಆಗಲಿಲ್ಲ.

ಎಂಟೂವರೆಗೆ ಪರದೆ ಮಂಕಾಯಿತು. ಸ್ಮಾರಂದ ತಲೆವಸ್ತ್ರ ಸರಿಮಾಡಿಕೊಂಡಳು.

ಗವ್ರಿಲ, ನೀವು ಇನ್ನೂ ನೋಡುತ್ತಿದ್ದೀರಾ?

ಗವ್ರಿಲ ಟಿವಿಯನ್ನು ನೋಡುತ್ತಿರಲಿಲ್ಲ. ರಿಮೋಟ್ ಅವನ ಕೈಯಲ್ಲೇ ಇತ್ತು. ಅವನು ಸ್ಮಾರಂದಳ ಬಾಯಿಯನ್ನು ನೋಡುತ್ತಿದ್ದ. ಅವಳು ಹೇಳಿದರೆ ಒತ್ತುವವನಿದ್ದ.

ಅವಳು ಹೇಳಲಿಲ್ಲ. ಒಂದು ಸಲ ಓದಿದಳು, ಎದ್ದು ಹತ್ತಿರ ಹೋಗಿ ಇನ್ನೊಂದು ಸಲ ಓದಿದಳು. ಅಷ್ಟರಲ್ಲಿ ಟಿವಿ ಕಾಯುವಷ್ಟು ಕಾದು ತಾನೇ ಆರಿತು.

"ಅವನೆಲ್ಲಿ?" ಅಂದಳು ಸ್ಮಾರಂದ.

"ಎಲ್ಲೂ ಹೋಗಿಲ್ಲ. ನಾಳೆ ಹಾಕ್ತೀನಿ."

"ಎಲ್ಲಿಗೆ ಕಳಿಸ್ದೆ ಅವನನ್ನ?"

"ಅಳ್ಸು ಅಂತಿತ್ತು. ಒತ್ತಿದೆ."

"ಇನ್ನೊಂದ್ ಸಲ ಸಾಯಿಸ್ದೆಯೇನೋ ಪಾಪಿ!"

"ಸ್ಮಾರಂದ, ಒಂದೇ ಒಂದ್ ಸಲ ಅದು ನನ್ನನ್ನ ಕೇಳ್ಲಿ ಅಂತ ಅಷ್ಟೆ. ನೀನಿದ್ದಾಗ."

ಸ್ಮಾರಂದಳಿಗೆ ಆ ಮಾತು ನಿಜವಾಗಿಯೂ ಅರ್ಥವಾಗಲಿಲ್ಲ. "ನಿನ್ನನ್ನ ಯಾಕೆ ಕೇಳ್ಬೇಕು? ನೀನು ಬದುಕಿದ್ದೀಯಲ್ಲ!"

ಬಟ್ಟಲು ಅಲ್ಲೇ ಬಿಟ್ಟು ಹೋದಳು.

ಮರುದಿನ ವಿಯೊರಿಕ ಬಂದು ಪಾಂತೆಲಿಯ ಹೆಸರನ್ನು ಮತ್ತೆ ಹಾಕಿದಳು. ಆದರೆ ಅವನು ಯಾವ ಆಟ ನೋಡಿದ್ದ, ಎಲ್ಲಿ ನಿಲ್ಲಿಸಿದ್ದ, ಯಾವುದು ಅವನಿಗೆ ಇಷ್ಟ ಎಂಬುದೆಲ್ಲ ಅಳಿಸಿಹೋಗಿತ್ತು. ಟಿವಿ ಅವನಿಗೆ ಮಕ್ಕಳ ಕಾರ್ಟೂನು ತೋರಿಸಿ, ನೀವು ಹೊಸಬರು, ಇದರಿಂದ ಆರಂಭಿಸಿ ಅಂದಿತು.

"ಅವನು ಹೊಸಬನಲ್ಲ," ಅಂದಳು ಸ್ಮಾರಂದ, ಹೊಸ್ತಿಲಾಚೆಯೇ ನಿಂತು.

ಪಾದ್ರಿಗಳ ಬಳಿ ದೂರು ಹೋಯಿತು. ಪೊಮಾನ ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲ ಎಂದು ಅವರು ತೀರ್ಪು ಕೊಟ್ಟರು. ಕೇಳಿದರೆ ಅಲ್ಲಿ ಸತ್ತವನ ಕೈಯಿಂದ ಕಿತ್ತುಕೊಂಡಂತೆ. ಇನ್ನೊಂದು ಕೊಡಬಹುದು. ಉಳಿದ ವಿಧವೆಯರೂ ಗವ್ರಿಲನ ಮನೆಗೆ ಹೋಗುವುದನ್ನು ನಿಲ್ಲಿಸಿದರು. ನಾಳೆ ನಮ್ಮೋನನ್ನೂ ಅಳಿಸಿದರೆ ಏನು ಮಾಡೋದು ಅಂದಳು ವೇತಜ್ಜಿ. ಗುಮಾಸ್ತ ಕಡತ ಮತ್ತೆ ತೆರೆದು, ಅನುಮತಿಯಿಲ್ಲದ ಪ್ರದರ್ಶನ ಎಂದು ಬರೆದು ಮುಗಿಸಿದ.

ಕ್ರಿಸ್ಮಸ್ಸಿಗೆ ಮುಂಚೆ ಸ್ಮಾರಂದ ಪೇಟೆಯಿಂದ ಇನ್ನೊಂದು ಟಿವಿ ತರಿಸಿದಳು. ಮೇಣದಬತ್ತಿ ಹಚ್ಚಿ, ಪಾಂತೆಲಿಯ ಹೆಸರು ಹೇಳಿ ಗಿರಣಿಯ ಕೊಸ್ಮನಿಗೆ ಕೊಟ್ಟಳು. ಕೊಸ್ಮ ತನ್ನ ಹಳೆಯ ಟಿವಿಯನ್ನೇ ಅಟ್ಟಕ್ಕೆ ಹಾಕಿದ. ಕೊಸ್ಮ ಹೆಂಡತಿ ಸತ್ತವನು, ಖಾರ ತಿನ್ನುವವನು. ಬೈಯುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಈಗ ಅವಳು ಆರು ಗಂಟೆಗೆ ಬಟ್ಟಲು ಹಿಡಿದು ತನ್ನ ಅಂಗಳದ ಗೇಟು ದಾಟಿ ಎಡಕ್ಕೆ, ಗಿರಣಿಯ ಕಡೆ ತಿರುಗುತ್ತಾಳೆ.

ಟಿವಿ ಗವ್ರಿಲನ ಹತ್ತಿರವೇ ಇದೆ, ಚೆನ್ನಾಗಿಯೂ ಓಡುತ್ತದೆ. ಅವನು ಕಳೆದುಕೊಂಡದ್ದು ಇಷ್ಟು: ತೂಕದಲ್ಲಿ ನಾಲ್ಕು ಕಿಲೋ, ವಾರದಲ್ಲಿ ಏಳು ಸಂಜೆ, ಹೆಂಗಸು ಒಬ್ಬಳು.